ಜೋಗುಳದ ಬಟನ್

ಪೀಣ್ಯ ಎರಡನೇ ಹಂತ
4 ಜೂನ್ 2018

ಚಿ. ಸೌ. ಮಹಾದೇವಿಗೆ, ನಿನಗಿರುವ ಒಬ್ಬನೇ ಸೋದರಮಾವ ಕೊಟ್ರಪ್ಪನ ಆಶೀರ್ವಾದ.

ಡಿವಿಡಿಯನ್ನು ಜಪಾನಿನವರು ಕಂಡುಹಿಡಿದರು ಎಂದು ಯಾರಾದರೂ ಹೇಳಿದರೆ ನಂಬಬೇಡ. ಕಂಡುಹಿಡಿದವನು ನಾನು. 1983ರಲ್ಲಿ ನಮ್ಮ ವಾಷರ್ ಫ್ಯಾಕ್ಟರಿ ನೋಡಲು ಒಬ್ಬ ಜಪಾನಿ ಬಂದಿದ್ದ. ನಾನು ಪ್ರೆಸ್ಸಿನ ಮುಂದೆ ಕೂತು ತಗಡಿನ ಬಿಲ್ಲೆಗಳಿಗೆ ನಡುಮಧ್ಯೆ ತೂತು ಹೊಡೆಯುತ್ತಿದ್ದೆ. ಅವನು ಒಂದು ಬಿಲ್ಲೆ ಎತ್ತಿ, ಬೆಳಕಿಗೆ ಹಿಡಿದು, ತೂತಿನಿಂದ ನನ್ನ ಮುಖವನ್ನೇ ನೋಡಿ, ಜೇಬಿಗೆ ಹಾಕಿಕೊಂಡು ಹೋದ. ಹನ್ನೆರಡು ವರ್ಷಕ್ಕೆ ಸರಿಯಾಗಿ ಡಿವಿಡಿ ಬಂತು. ಹೊಳಪು ಅವರದು, ತೂತು ನನ್ನದು.

ಹಾಗಾಗಿ ಕ್ಯಾಸೆಟ್ಟಿನ ಹಾಡುಗಳನ್ನು ಡಿವಿಡಿಗೆ ಇಳಿಸುವ ಕೆಲಸವನ್ನು ನೀನು ಒಪ್ಪಿಸಿದ್ದು ಸರಿಯಾದ ಮನುಷ್ಯನಿಗೇ. ಅಕ್ಕನ ಕ್ಯಾಸೆಟ್ ಬಂದು ತಲುಪಿತು. ತೊಂಬತ್ತಾರರಲ್ಲಿ, ನಿನ್ನ ಮಗಳು ವೇಣಿಯನ್ನು ತೊಟ್ಟಿಲಿಗೆ ಹಾಕಿದ ದಿನ, ನನ್ನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದು ಅಕ್ಕನ ಪದಗಳನ್ನು ಹಿಡಿದವನು ನಾನೇ ಎಂಬುದು ನಿನಗೆ ನೆನಪಿರಬೇಕು. ಎಲ್ಲರೂ ಹೋಳಿಗೆ ತಿನ್ನುತ್ತಿದ್ದಾಗ ನಾನು ಮೈಕು ಹಿಡಿದು ನಿಂತಿದ್ದೆ. ಹಿಡಿಯದಿದ್ದರೆ ಅಕ್ಕ ಹೋದ ಈ ಹನ್ನೊಂದು ವರ್ಷಗಳಲ್ಲಿ ಆ ದನಿ ಎಲ್ಲಿರುತ್ತಿತ್ತು?

ಇಲ್ಲಿ ಮದುವೆ ವಿಡಿಯೊ ಮಾಡುವ ಪರಮಾನಂದ ಎಂಬ ಹುಡುಗನ ಸ್ಟುಡಿಯೊ ಇದೆ. ಕಂಪ್ಯೂಟರ್ ಅವನದು, ಬುದ್ಧಿ ನನ್ನದು. ಟಿವಿಯಲ್ಲಿ ಡಿಸ್ಕ್ ಹಾಕಿದೊಡನೆ ಒಂದು ಪರದೆ ಬರುತ್ತದೆ. ಅದಕ್ಕೆ ಮೆನು ಎನ್ನುತ್ತಾರೆ. ಹೋಟೆಲಿನಲ್ಲಿ ಇದ್ದಂತೆಯೇ, ಇಡ್ಲಿಯ ಜಾಗದಲ್ಲಿ ಹಾಡು. ಬೀಸುವ ಪದ, ಸೋಬಾನ ಪದ, ಜೋಗುಳ ಎಂದು ಸಾಲಾಗಿ ಬಟನ್ ಇರುತ್ತವೆ. ರಿಮೋಟಿನಲ್ಲಿ ಬೇಕಾದುದನ್ನು ಒತ್ತಿದರೆ ಒಂದು ಫೋಟೊ ಬಂದು ನಿಲ್ಲುತ್ತದೆ, ಹಾಡು ಶುರುವಾಗುತ್ತದೆ. ಮೊದಲಿಗೆ ನನ್ನದೊಂದು ಪೀಠಿಕೆ ಇರುತ್ತದೆ. ತೊಂಬತ್ತೆಂಟರ ರಾಜ್ಯೋತ್ಸವದ ಭಾಷಣದಲ್ಲಿ ಇಡೀ ಪೀಣ್ಯಕ್ಕೆ ಮೊದಲ ಬಹುಮಾನ ಹೊಡೆದ ದನಿ ಇದು, ಸುಮ್ಮನೆ ಬಿಡಬಾರದು.

ವೇಣಿಯ ಕೂಸಿನ ತೊಟ್ಟಿಲಿಗೆ ಮುಂಚೆ ಡಿಸ್ಕ್ ನಿನ್ನ ಮನೆಯಲ್ಲಿರುತ್ತದೆ. ಇದು ಕೊಟ್ರಪ್ಪನ ಮಾತು.

ಇಂತಿ,
ತೂತಿನ ಒಡೆಯ
ಕೊಟ್ರಪ್ಪ


ಪಟ್ಟಂದೂರು ಅಗ್ರಹಾರ
12 ಜೂನ್ 2018

ಮಾವನಿಗೆ ನಮಸ್ಕಾರ.

ಫೋನ್ ಯಾಕೆ ಎತ್ತುವುದಿಲ್ಲ ಎಂದು ವೇಣಿಯ ಹತ್ತಿರ ಕೇಳಿದೆಯಂತೆ. ಫೋನಿನಲ್ಲಿ ನೀನು ಹೇಳಿದ್ದು ಮರುದಿನ ಬೇರೆಯಾಗಿರುತ್ತದೆ. ಕೇಳಿದರೆ "ನಾನು ಹಂಗ ಅಂದೇ ಇಲ್ಲ" ಎನ್ನುತ್ತೀ. ಕಾಗದದಲ್ಲಿ ಬರೆದದ್ದು ಬದಲಾಗುವುದಿಲ್ಲ. ಅದಕ್ಕೇ ಬರಿ ಎಂದದ್ದು. ಬರೆದದ್ದನ್ನೆಲ್ಲ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ, ತೂತಿನ ಕಥೆಯನ್ನೂ.

ಪೀಠಿಕೆ ಬೇಡ. ನನಗೆ ಬೇಕಾದದ್ದು ಜೋಗುಳ. ವೇಣಿಯನ್ನು ತೊಟ್ಟಿಲಿಗೆ ಹಾಕಿದಾಗ ಅವ್ವ ಹಾಡಿದ್ದು, ಈಗ ವೇಣಿಯ ಕೂಸಿಗೂ ಅವ್ವನೇ ಹಾಡಬೇಕು. ಅವ್ವ ಹೋದ ಮೇಲೆ ಆ ಕ್ಯಾಸೆಟ್ ಕೇಳುವ ಧೈರ್ಯ ನನಗೆ ಬರಲಿಲ್ಲ. ಧೈರ್ಯ ಬರುವಷ್ಟರಲ್ಲಿ ಟೇಪ್ ರೆಕಾರ್ಡರ್ ಕೆಟ್ಟಿತು. ಉಳಿದ ಹಾಡು ಬಂದರೆ ಸಂತೋಷ, ಬರದಿದ್ದರೂ ನಡೆದೀತು. ಜೋಗುಳ ಬರಲೇಬೇಕು.

ಇಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ. ಐಟಿ ಪಾರ್ಕಿನ ಹಿಂದೆ ಹೊಸ ಕಟ್ಟಡ ಏಳುತ್ತಿದೆ, ನಮ್ಮ ಕಡೆಯವರೇ ಕೆಲಸಕ್ಕೆ ಬಂದಿದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ದುಡಿಮೆ, ಇರಣ್ಣ ಅಲ್ಲಿಯ ಗೇಟಿನಲ್ಲಿ ಹಗಲು ಪಾಳಿ.

ಮಹಾದೇವಿ


ಪೀಣ್ಯ
2 ಜುಲೈ 2018

ಮಗಳೇ ಮಹಾದೇವಿ,

ಇದರ ಜೊತೆ ಡಿಸ್ಕ್ ಇದೆ. ಬರಿಗೈಯಲ್ಲಿ ಹೊಳೆಯುವ ಕಡೆ ಮುಟ್ಟಬೇಡ, ಅದರಲ್ಲೂ ಹಿಟ್ಟಿನ ಕೈಯಲ್ಲಿ. ನಿನ್ನ ಕ್ಯಾಸೆಟ್ಟನ್ನೂ ಇಟ್ಟಿದ್ದೇನೆ, ಅದರ ಕೆಲಸ ಮುಗಿಯಿತು.

ಪರಮಾನಂದನಿಗೆ ಮೊದಲು ಅರ್ಥವೇ ಆಗಲಿಲ್ಲ. "ಅಣ್ಣಾ, ಫೋಟೊ ಕುಣಿಯೋದು ಬೇಡ್ವಾ? ನನ್ನತ್ರ ಹೂವು ಬೀಳತ್ತೆ, ಪಾರಿವಾಳ ಹಾರತ್ತೆ, ಹಾರ್ಟು ಒಡೆದು ಒಳಗಿಂದ ಮದುಮಗ ಬರ್ತಾನೆ" ಎಂದ. "ನಮ್ಮಕ್ಕ ಹಾರ್ಟು ಒಡೆದು ಬರೋಳಲ್ಲ ಕಣೋ, ಬಾಗಿಲು ಒದ್ದು ಬರೋಳು" ಎಂದೆ. ಆಮೇಲೆ ಅವನೇ ಯೋಚನೆ ಮಾಡಿ, "ಒಂದು ಲೆಕ್ಕಕ್ಕೆ ಒಳ್ಳೇದೇ ಅಣ್ಣಾ. ಫೋಟೊ ಅಲ್ಲಾಡ್ದೆ ನಿಂತಿದ್ರೆ ಡಿಸ್ಕಲ್ಲಿ ಜಾಗ ಉಳಿಯತ್ತೆ. ಆ ಜಾಗಾನೆಲ್ಲ ದನಿಗೆ ಕೊಡ್ಬೋದು. ನಿಮ್ಮಕ್ಕ ಉಸಿರು ತಗೊಳೋದೂ ಕೇಳತ್ತೆ" ಎಂದ. ಈ ಉಪಾಯ ಅವನಿಗೆ ಹೇಳಿಕೊಟ್ಟದ್ದು ನಾನೇ, ಅವನು ಮರೆತಿದ್ದಾನೆ.

ನಿಜಕ್ಕೂ ಕೇಳುತ್ತದೆ ಮಹಾದೇವಿ. ಮೆನು ಬಂದಾಗ ಹಿಂದುಗಡೆ ಬೀಸುಕಲ್ಲಿನ ಸದ್ದು ಸುತ್ತುತ್ತಾ ಇರುತ್ತದೆ, ನೀನು ಬಟನ್ ಒತ್ತುವ ತನಕ ನಿಲ್ಲುವುದಿಲ್ಲ. ಮೂರನೇ ಬೀಸುವ ಪದದ ನಡುವೆ ಅಕ್ಕ ಕೆಮ್ಮುತ್ತಾಳೆ. ತೆಗೆಯಲೇ ಎಂದು ಪರಮಾನಂದ ಕೇಳಿದ. ಅವನ ಕೈ ಹಿಡಿದುಕೊಂಡೆ.

ಜೋಗುಳದ ಬಟನ್ ಕೂಡ ಇದೆ. ಎಲ್ಲಕ್ಕಿಂತ ದೊಡ್ಡದು, ಗುಲಾಬಿ ಬಣ್ಣದ್ದು.

ಇಂತಿ, ನಿನ್ನ ಮಾವ,
ತಾಂತ್ರಿಕ ನಿರ್ದೇಶಕ ಕೊಟ್ರಪ್ಪ


ಪಟ್ಟಂದೂರು ಅಗ್ರಹಾರ
11 ಜುಲೈ 2018

ಮಾವ,

ಡಿಸ್ಕ್ ನೋಡಿದೆ. ನೋಡಿದೆ ಎಂದೇ ಬರೆಯಬೇಕು. ಒಂಬತ್ತು ಹಾಡಿಗೆ ಒಂಬತ್ತು ಫೋಟೊ, ಒಂಬತ್ತರಲ್ಲೂ ನೀನು. ಪ್ರೆಸ್ಸಿನ ಮುಂದೆ ನೀನು, ಲಾಲ್‌ಬಾಗಿನಲ್ಲಿ ನೀನು, ಯಾರದೋ ಬುಲೆಟ್ಟಿನ ಮೇಲೆ ನೀನು. ಅವ್ವ ಸೋಬಾನ ಹಾಡುತ್ತಿದ್ದಾಳೆ, ಪರದೆಯ ಮೇಲೆ ನೀನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದೀ. ಇರಣ್ಣ ನಕ್ಕು ನಕ್ಕು ತಾಟು ಕೆಳಗಿಟ್ಟ. ಅವ್ವನದು ರೇಷನ್ ಕಾರ್ಡಿನ ಫೋಟೊ ಬಿಟ್ಟು ಬೇರೆ ಇಲ್ಲ, ಗೊತ್ತು. ಹಾಗಂತ?

ಆದರೂ ದನಿ ಬಂದಿದೆ. ಕೆಮ್ಮು ಬಂದಾಗ ನಾನು ಅಡುಗೆಮನೆಗೆ ಹೋದೆ. ಅದಕ್ಕೆ ನಿನಗೆ ಶರಣು.

ಜೋಗುಳ ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಮೊದಲಿನ ಮೆನುವೇ ಬಂತು. ಮತ್ತೆ ಒತ್ತಿದೆ, ಮತ್ತೆ ಮೆನು. ವೇಣಿ ಒತ್ತಿದಳು, ಇರಣ್ಣ ಒತ್ತಿದ. ಬೀಸುಕಲ್ಲು ಸುಮ್ಮನೆ ಸುತ್ತುತ್ತಿದೆ. ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಒಂದು ಹಾಡೂ ಇದರಲ್ಲಿಲ್ಲ. ಯಾಕೆ?

ಮಹಾದೇವಿ


ಪೀಣ್ಯ
18 ಜುಲೈ 2018

ಮಗಳೇ,

ಮೊದಲಿಗೆ ರಿಮೋಟಿನ ಸೆಲ್ ಬದಲಾಯಿಸಿ ನೋಡು.

ಅದರಿಂದಲೂ ಆಗದಿದ್ದರೆ, ವಿಷಯ ಇಷ್ಟು. ಎರಡನೇ ಮಗ್ಗುಲಿನಲ್ಲಿ ಸ್ವಲ್ಪ ಹೋಗಿದೆ. ಎರಡು ನಿಮಿಷ ಇರಬಹುದು. ಜೋಗುಳ ಆ ಎರಡು ನಿಮಿಷದೊಳಗೇ ಸಿಕ್ಕಿಬಿದ್ದಿರುವುದು ನಮ್ಮ ದುರದೃಷ್ಟ. ಉಳಿದದ್ದನ್ನು ತೊಳೆದು ಬಳಿದು ಕೊಡುತ್ತೇನೆ, ಪರಮಾನಂದನಿಗೆ ಮದುವೆ ಸೀಸನ್ ಮುಗಿಯಲಿ.

ಹೇಗೆ ಹೋಯಿತು ಎಂದರೆ ನಾನೇನು ಹೇಳಲಿ? ಕ್ಯಾಸೆಟ್ ಇಪ್ಪತ್ತೆರಡು ವರ್ಷ ನಿನ್ನ ಮನೆಯ ಪೆಟ್ಟಿಗೆಯಲ್ಲಿತ್ತು, ನನ್ನ ಮನೆಯಲ್ಲಲ್ಲ. ಅದರ ಮೇಲೆ ಯಾರೋ ಬೇರೆ ಏನೋ ಹಿಡಿದಿದ್ದಾರೆ. ಇರಣ್ಣನಿಗೆ ಆಗಿನಿಂದಲೂ ರೇಡಿಯೊದ ಕ್ರಿಕೆಟ್ ಕಾಮೆಂಟರಿ ರೆಕಾರ್ಡ್ ಮಾಡಿಕೊಳ್ಳುವ ಹುಚ್ಚು. ಗೆದ್ದ ಮ್ಯಾಚನ್ನು ಮತ್ತೆ ಮತ್ತೆ ಕೇಳುತ್ತಿದ್ದನಲ್ಲವೇ? ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ, ಒಳ್ಳೆಯ ಮನುಷ್ಯ. ಸುಮ್ಮನೆ ಹೇಳಿದೆ.

ವೇಣಿಗೆ ಹುಷಾರು ಎಂದು ಹೇಳು.

ಇಂತಿ,
ಕೊಟ್ರಪ್ಪ


ಪಟ್ಟಂದೂರು ಅಗ್ರಹಾರ
1 ಆಗಸ್ಟ್ 2018

ಮಾವ,

ಹೋದ ಗುರುವಾರ ವೇಣಿಗೆ ಹೆಣ್ಣುಮಗು ಆಯಿತು. ಇಬ್ಬರೂ ಚೆನ್ನಾಗಿದ್ದಾರೆ. ಶ್ರಾವಣದ ನೂಲ ಹುಣ್ಣಿಮೆಗೆ, ಆಗಸ್ಟ್ 26ರ ಭಾನುವಾರ, ತೊಟ್ಟಿಲು.

ನಿನ್ನ ಕಾಗದ ಬಂದ ದಿನವೇ ಇರಣ್ಣನನ್ನು ಕೇಳಿದೆ. ಕೇಳಿದೆ ಎಂದರೆ, ಪಕ್ಕದ ವಠಾರಕ್ಕೂ ಕೇಳಿಸುವ ಹಾಗೆ ಕೇಳಿದೆ. "ನಮ್ಮವ್ವನ ದನಿ ಅಳಿಸಿ ಕ್ರಿಕೆಟ್ ಹಿಡದ್ಯಲ್ಲೋ" ಎಂದೆ. ಅವನು, "ನಾ ಮುಟ್ಟಿಲ್ಲ ಮಾರಾಯ್ತಿ" ಎಂದು ಒಂದೇ ಸಲ ಹೇಳಿದ. ನಾನು ನಂಬಲಿಲ್ಲ. ಅಂದಿನಿಂದ ಅವನು ಗೇಟಿನ ಹತ್ತಿರದ ಕ್ಯಾಂಟೀನಿನಲ್ಲೇ ಉಣ್ಣುತ್ತಿದ್ದಾನೆ. ಮೊಮ್ಮಗಳು ಹುಟ್ಟಿದ ದಿನವೂ ನನ್ನ ಕೈಯಿಂದ ಸಕ್ಕರೆ ತೆಗೆದುಕೊಳ್ಳಲಿಲ್ಲ.

ನಿನ್ನೆ ಪೆಟ್ಟಿಗೆಯಿಂದ ಆ ಕ್ಯಾಸೆಟ್ ತೆಗೆದು ನೋಡುತ್ತಾ ಕೂತಿದ್ದೆ. ಹಾಡು ಹಿಡಿದ ದಿನ ನೀನು ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಸ್ಕ್ರೂಡ್ರೈವರಿನಲ್ಲಿ ಮುರಿದದ್ದು ನನಗೆ ನೆನಪಿದೆ. "ಇನ್ನ ಬ್ರಹ್ಮ ಬಂದರೂ ಇದರ ಮ್ಯಾಲೆ ಬ್ಯಾರೆ ಹಿಡಿಯಾಕ ಬರಂಗಿಲ್ಲ" ಎಂದಿದ್ದೆ. ಈಗ ನೋಡಿದರೆ ಎರಡನೇ ಮಗ್ಗುಲಿನ ತೂತಿನ ಮೇಲೆ ಚೀಟಿ ಅಂಟಿಸಿದೆ. ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದಂತೆ, ಅಳಿಯ ಹೇಳಿದ. ಹಸಿರು ಚೀಟಿ, ಉಗುರಿನಷ್ಟು. ಮಾಸಿದ್ದರೂ ಅಕ್ಷರ ಕಾಣುತ್ತದೆ: "ತಪಾಸಣೆ ಪಾಸ್".

ನಿಮ್ಮ ವಾಷರ್ ಡಬ್ಬಿಗಳ ಮೇಲೆ ಅಂಟಿಸುತ್ತಿದ್ದ ಚೀಟಿ ಅದು. ಚಿಕ್ಕವಳಿದ್ದಾಗ ನೀನು ನನ್ನ ಹಣೆಗೂ ಅಂಟಿಸುತ್ತಿದ್ದೆ. ಇರಣ್ಣನ ಹತ್ತಿರ ಅದು ಎಲ್ಲಿಂದ ಬರಬೇಕು ಮಾವ?

ಬೇರೇನೂ ಕೇಳುವುದಿಲ್ಲ. ಎಷ್ಟು ಹೋಗಿದೆ? ನಿಜವಾದ ಲೆಕ್ಕ ಬರೆದು ಕಳಿಸು. ಬರೆದೇ ಕಳಿಸು.

ಮಹಾದೇವಿ


ಪೀಣ್ಯ
4 ಆಗಸ್ಟ್ 2018

ಮಹಾದೇವಿ,

ಇರಣ್ಣ ಅಲ್ಲ. ಈ ಕಾಗದವನ್ನು ಅವನ ಕೈಗೇ ಕೊಡು, ಅವನೇ ಓದಲಿ.

ಉಳಿದ ಉತ್ತರಕ್ಕೆ ಮೊದಲು ನಾನು ಬೊಮ್ಮನಹಳ್ಳಿಗೆ ಹೋಗಬೇಕು.

ಕೊಟ್ರಪ್ಪ


ಪೀಣ್ಯ
19 ಆಗಸ್ಟ್ 2018

ಮಗಳೇ ಮಹಾದೇವಿ,

ಇದರ ಜೊತೆ ಹೊಸ ಡಿಸ್ಕ್ ಇದೆ. ಹಳೆಯದನ್ನು ಕಾಗೆ ಓಡಿಸಲು ಮಾಳಿಗೆಯ ಮೇಲೆ ಕಟ್ಟು, ನನ್ನ ಮುಖ ಕಂಡರೆ ಅವು ಹೇಗೂ ಬರುವುದಿಲ್ಲ.

ಬೊಮ್ಮನಹಳ್ಳಿಯಲ್ಲಿ ಸಿದ್ದಕ್ಕ ಇದ್ದಾಳೆ. ನಿನಗೆ ಮರೆತಿರಲಾರದು. ಎಲೆಕ್ಟ್ರಾನಿಕ್ ಸಿಟಿಯ ಮೊದಮೊದಲ ಕಟ್ಟಡಗಳಿಗೆ ಅಕ್ಕನ ಜೊತೆ ಗಾರೆ ಹೊತ್ತವಳು. ತಗಡಿನ ಶೆಡ್ಡಿನಲ್ಲಿ ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತು, ಅಕ್ಕ ಸೊಲ್ಲು ಎತ್ತಿದರೆ ಇವಳು ಹಿಡಿಯುತ್ತಿದ್ದಳು. ತೊಟ್ಟಿಲ ದಿನವೂ ಆ ಕಡೆ ಅಕ್ಕ, ಈ ಕಡೆ ಸಿದ್ದಕ್ಕ. ಅಕ್ಕ ಹಾಡಿದ ಸಾಲನ್ನೇ ತಿರುಗಿ ಹಾಡಿ ತೊಟ್ಟಿಲನ್ನು ಅವಳ ಕಡೆಗೆ ನೂಕುತ್ತಿದ್ದಳು. ಈಗ ಮಗನ ಮನೆಯಲ್ಲಿದ್ದಾಳೆ, ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮೊಣಕಾಲು ಮಡಚಲು ಬರುವುದಿಲ್ಲ, ಬಾಯಿ ಮಾತ್ರ ಹಾಗೇ ಇದೆ.

ಪರಮಾನಂದ ಮೈಕು ಜೋಡಿಸಿದ. "ಸಿದ್ದಕ್ಕಾ, ಜೋಗುಳ ಪೂರ್ತಿ ಹಾಡಿಬಿಡು" ಎಂದೆ.

"ಪೂರ್ತಿ ನನಗ ಎಲ್ಲೈತೋ ಕೊಟ್ರ್ಯಾ? ಅರ್ಧ ಐತಿ."

"ಅದೇ ಸಾಲು ಎರಡು ಸಲ ಅಲ್ಲೇನು? ಮೊದಲ ಸಲಾನೂ ನೀನೇ ಹಾಡು."

"ಸೊಲ್ಲು ಎತ್ತಾಕಿ ನಿಮ್ಮಕ್ಕ ಬಸಕ್ಕ. ನಾ ಹಿಡಿಯಾಕಿ. ಆಕಿ ಜಾಗದಾಗ ನಾ ಕುಂದ್ರಂಗಿಲ್ಲ. ಬೇಕಾದ್ರ ಆಕಿ ಎತ್ತಿದಂಗ ಮನಸಿನಾಗ ಕೇಳಿ, ನಂದು ನಾ ಹಿಡೀತೀನಿ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಣ್ಣು ಮುಚ್ಚಿ ಕೂತಳು. ಒಂದು ಸಾಲಿನಷ್ಟು ಹೊತ್ತು ಸುಮ್ಮನೆ ತಲೆ ಆಡಿಸುವಳು, ಆಮೇಲೆ ಹಾಡುವಳು. ಮತ್ತೆ ಸುಮ್ಮನೆ, ಮತ್ತೆ ಹಾಡು. ಪರಮಾನಂದ ನನ್ನ ಕಿವಿಯಲ್ಲಿ, "ಅಣ್ಣಾ, ಈ ಗ್ಯಾಪ್ ಎಲ್ಲಾ ಕಟ್ ಮಾಡ್ಲಾ ಆಮೇಲೆ?" ಎಂದ. ಬೇಡ ಎಂದೆ. ಮಹಾದೇವಿ, ಈ ಡಿಸ್ಕಿನಲ್ಲಿ ನಾನು ನಿಜವಾಗಿ ಮಾಡಿದ ಕೆಲಸ ಎಂದರೆ ಅದೊಂದೇ, ಬೇಡ ಎಂದದ್ದು.

ಹಾಡಿ ಮುಗಿದ ಮೇಲೆ ಅವಳಿಗೆ ನನ್ನ ತಪ್ಪು ಹೇಳಿಕೊಳ್ಳಲು ಬಾಯಿ ತೆಗೆದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ಟೇಪಿನ್ಯಾಗಿನ ಭಾಷಣದ ವಿಷಯಾನೇನು? ಅದು ಬಸಕ್ಕಗ ಆವಾಗ್ಲೇ ಗೊತ್ತಿತ್ತು. ಒಂದಿನ ಟೇಪು ಹಾಕಿದ್ಲು, ನಾನೂ ಇದ್ದೆ. ಜೋಗುಳ ಬರ್ತೈತಿ ಅಂತ ಕುಂತ್ರ, 'ಮಾನ್ಯ ಅಧ್ಯಕ್ಷರೇ' ಅಂತ ನೀ ಬಂದಿ! ಆಕಿ ನಕ್ಕು ನಕ್ಕು ಗ್ವಾಡಿ ಹಿಡಕೊಂಡ್ಲು. ಆಮ್ಯಾಗ ಕಣ್ಣು ಒರಸ್ಕೊಂಡು, 'ಮಾದೇವಿಗೆ ಹೇಳಬ್ಯಾಡ ಸಿದ್ದಿ, ಆಕಿ ಸಿಟ್ಟಿನಾಕಿ, ನನ್ನ ತಮ್ಮನ್ನ ಮನಿಗೆ ಸೇರಸಂಗಿಲ್ಲ. ನಾ ಇರೋತನಕ ನಾನೇ ಹಾಡಿದ್ರಾತು' ಅಂದ್ಲು."

ಒಂಬತ್ತು ವರ್ಷ ಅಕ್ಕ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನಗೆ ರೊಟ್ಟಿ ಬಡಿಸಿದ್ದಾಳೆ. ಪ್ರತಿ ರಾಜ್ಯೋತ್ಸವಕ್ಕೂ, "ಏನೋ ಕೊಟ್ರ, ಈ ಸಲ ಭಾಷಣ ಇಲ್ಲೇನು?" ಎಂದು ಕೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಎದೆ ಉಬ್ಬಿಸುತ್ತಿದ್ದೆ.

ಈಗ ಡಿಸ್ಕ್ ಬಗ್ಗೆ. ಸಿದ್ದಕ್ಕನ ಟ್ರಂಕಿನಲ್ಲಿ ಒಂದು ಫೋಟೊ ಸಿಕ್ಕಿತು. ಎಂಬತ್ತನಾಲ್ಕರದು, ಮೇಸ್ತ್ರಿ ಹಿಡಿದದ್ದು. ಹಿಂದೆ ಕಟ್ಟಡಕ್ಕೆ ಕಟ್ಟಿದ ಸಾರುವೆಯ ಗಳಗಳು, ಮುಂದೆ ಬಾಂಡ್ಲಿ ಹೊತ್ತ ಅಕ್ಕ ಮತ್ತು ಸಿದ್ದಕ್ಕ. ಅಕ್ಕ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ, ನೀನು ರೊಟ್ಟಿ ಸುಡುವಾಗ ಮಾಡುವಂತೆ. ಪರಮಾನಂದ ಅದನ್ನು ಕಂಪ್ಯೂಟರಿನಲ್ಲಿ ಎರಡು ಹೋಳು ಮಾಡಿದ. ಮೊದಲನೇ ಮಗ್ಗುಲಿನ ಒಂಬತ್ತು ಪದಕ್ಕೂ ಈಗ ಅಕ್ಕನ ಹೋಳೇ ಇದೆ. ನಾನು ಎಲ್ಲಿಯೂ ಇಲ್ಲ.

ಜೋಗುಳದ ಬಟನ್ ಒತ್ತು. ಈ ಸಲ ಮೆನುವಿಗೆ ಹಿಂತಿರುಗುವುದಿಲ್ಲ. ಅಕ್ಕನ ಹೋಳು ಬರುತ್ತದೆ, ದನಿ ಇರುವುದಿಲ್ಲ. ಅದು ಕೆಟ್ಟಿಲ್ಲ, ರಿಮೋಟ್ ಬಡಿಯಬೇಡ. ಅಲ್ಲಿ ಸೊಲ್ಲು ನೀನು ಎತ್ತಬೇಕು. ಆಮೇಲೆ ಸಿದ್ದಕ್ಕನ ಹೋಳು ಬರುತ್ತದೆ, ಅವಳು ಹಿಡಿಯುತ್ತಾಳೆ. ಸಾಲು ಮರೆತಿದ್ದರೆ ಎಂದು ಸಿದ್ದಕ್ಕನಿಂದ ಕೇಳಿ ಬರೆದಿದ್ದೇನೆ:

ಸಾರುವೆ ಗಳಕ ಸೀರೀಯ ಕಟ್ಟೀನಿ
ಊರ ಕಟ್ಟಾಕ ಬಂದೇವ, ನನ ಕೂಸ
ಊರಾಗ ನಮಗ ಜೋಲೀಯೆ ಮನಿಯವ್ವ

ಹೀಗೆ ಐದು ನುಡಿ. ನಾಲ್ಕಕ್ಕೆ ನೀನು ಎತ್ತು. ಐದನೆಯದಕ್ಕೆ ಬಾಯಿ ತೆರೆಯಬೇಡ. ಕ್ಯಾಸೆಟ್ ನಿನಗೆ ವಾಪಸ್ ಕಳಿಸುವ ಮೊದಲೇ ಪರಮಾನಂದ ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಅದರಲ್ಲಿ ನನ್ನ ಭಾಷಣ ಮುಗಿದ ಮೇಲೆ ಟೇಪಿನ ಬಾಲ ಸ್ವಲ್ಪ ಉಳಿದಿತ್ತು. ನನ್ನ "ಜೈ ಕರ್ನಾಟಕ ಮಾತೆ" ಆದ ಕೂಡಲೇ ಟಕ್ ಎಂದು ಒಂದು ಸದ್ದು, ಆಮೇಲೆ ಹನ್ನೊಂದು ಸೆಕೆಂಡು ಅಕ್ಕ. ಜೋಗುಳದ ಕೊನೆಯ ನುಡಿ, ಹಿಂದೆ ವೇಣಿ ಅಳುವುದೂ ಕೇಳುತ್ತದೆ. ಅದನ್ನು ಐದನೆಯದಾಗಿ ಜೋಡಿಸಿದ್ದೇವೆ. ಆ ಹನ್ನೊಂದು ಸೆಕೆಂಡು ಪರದೆಯ ಮೇಲೆ ಫೋಟೊ ಇಡಿಯಾಗಿರುತ್ತದೆ.

ತೊಟ್ಟಿಲಿಗೆ ಸಿದ್ದಕ್ಕನನ್ನು ಆಟೊದಲ್ಲಿ ಕಳಿಸುತ್ತೇನೆ. ನನ್ನನ್ನು ಕರೆಯುವುದು ಬಿಡುವುದು ನಿನಗೂ ಇರಣ್ಣನಿಗೂ ಬಿಟ್ಟದ್ದು. ಕರೆಯದಿದ್ದರೂ ಗೇಟಿನ ತನಕ ಬರುತ್ತೇನೆ, ಅವನ ಪಾಳಿಯ ಹೊತ್ತಿಗೆ. ಅವನ ಮುಂದೆ ನಿಂತು ಹೇಳಬೇಕಾದ ಒಂದು ಮಾತಿದೆ, ಅದನ್ನು ಬರೆದರೆ ಸಾಲದು.

ಇನ್ನು ನೀನು ಕೇಳಿದ ಲೆಕ್ಕ. ತೊಂಬತ್ತೆಂಟರ ಅಕ್ಟೋಬರಿನಲ್ಲಿ ಹಾಡು ಕೇಳಿ ಕೊಡುತ್ತೇನೆ ಎಂದು ಹೇಳಿ ಒಂದು ವಾರಕ್ಕೆ ಆ ಕ್ಯಾಸೆಟ್ ಒಯ್ದೆ. ಭಾಷಣದ ಅಭ್ಯಾಸಕ್ಕೆ ಖಾಲಿ ಕ್ಯಾಸೆಟ್ ಇರಲಿಲ್ಲ. ಒಂದು ಹಾಡಿನಷ್ಟು ಹೋದರೆ ಹೋಗಲಿ, ಅಕ್ಕ ಇದ್ದಾಳಲ್ಲ, ಇನ್ನೊಮ್ಮೆ ಹಾಡಿಸಿದರಾಯಿತು ಎಂದು ಚೀಟಿ ಅಂಟಿಸಿದೆ. ಅದೇ ಭಾಷಣವನ್ನು ಒಂದರ ಹಿಂದೊಂದು ಆರು ಸಲ ಹೇಳಿದೆ, ಪ್ರತಿ ಸಲವೂ ನನ್ನ ದನಿ ನನಗೇ ಹೆಚ್ಚು ಇಷ್ಟವಾಯಿತು. ಬಂದದ್ದು ಮೂರನೇ ಬಹುಮಾನ, ಒಂದು ಸ್ಟೀಲ್ ಲೋಟ. ಸ್ಪರ್ಧೆಯಲ್ಲಿ ಮೂವರೇ ಇದ್ದೆವು.

ಹೋದದ್ದು ಎರಡು ನಿಮಿಷ ಅಲ್ಲ. ಇಪ್ಪತ್ತನಾಲ್ಕು ನಿಮಿಷ. ಏಳು ಪದ.

ಕೊಟ್ರಪ್ಪ